ಮೋರಿಯ ಸಾಕ್ಷಿ

ಮೋರಿಗೆ ಬಾಯಿ ಬಂದರೆ ಏನಾಗುತ್ತದೆ? ಕಲ್ಲುಕೋಡಿ ನಗರದಲ್ಲಿ ಅದು ಬಂದ ಮೊದಲ ವಾರವೇ ಒಬ್ಬ ಪೇಂಟರನ ಬಲಗೈ ಮುರಿಯಿತು.

ಅವನು ಮಾಡಿದ್ದು ಇಷ್ಟೇ. ಸಂಜೆ ಕೆಲಸ ಮುಗಿಸಿ ಬಂದು, ಬ್ರಷ್ ತೊಳೆದ ಥಿನ್ನರನ್ನು ಅಪ್ಪನ ಕಾಲದಿಂದ ಚೆಲ್ಲುತ್ತಿದ್ದ ಹಾಗೆ ಮನೆ ಮುಂದಿನ ಮೋರಿಗೆ ಚೆಲ್ಲಿದ. ಮೋರಿಯ ಗೋಡೆ ಕೆಂಪಾಯಿತು. ಕಂಬದ ಮೇಲಿನ ಧ್ವನಿವರ್ಧಕ ಕೂಗಿತು. ಅಕ್ಕಪಕ್ಕದವರು ಹೊರಗೆ ಬಂದು ಅವನನ್ನು ಜಗಲಿಯಿಂದ ಎಳೆದು, ತೋಳನ್ನು ಚಪ್ಪಡಿಯ ಅಂಚಿಗೆ ಇಟ್ಟು ಅದರ ಮೇಲೆ ಹತ್ತಿ ನಿಂತರು. ನಿಂತವರಲ್ಲಿ ಅವನ ಷಡ್ಡಕನೂ ಇದ್ದ. ನಗರಸಭೆಯ ಕಾಗದಪತ್ರದಲ್ಲಿ ಇದಕ್ಕೆಲ್ಲ ಇಟ್ಟ ಹೆಸರು ಸಾರ್ವಜನಿಕ ಜಾಗೃತಿ ಅಭಿಯಾನ.

ಅಂಬುಜಾಕ್ಷಿ ಕೇಳಿದ್ದು ಇದನ್ನಲ್ಲ. ಆಕೆ ಪಾಚಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ. ಕಲ್ಲುಕೋಡಿಯವಳೇ. ಆ ಊರು ಕುಡಿಯುವುದು ಹಿರೇಕೆರೆಯ ನೀರನ್ನು. ಬಚ್ಚಲ ನೀರು, ಕಕ್ಕಸಿನ ನೀರು ಒಳಚರಂಡಿ ಹಿಡಿದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ರಸ್ತೆ ಬದಿಯ ಮಳೆನೀರಿನ ಮೋರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಜನ ‘ಮುಂದಕ್ಕೆ ಹೋಗುತ್ತೆ’ ಎನ್ನುತ್ತಿದ್ದರು. ಅದು ಯಾವ ಘಟಕಕ್ಕೂ ಹೋಗದೆ ನೇರ ಹಿರೇಕೆರೆಗೆ ಬೀಳುತ್ತಿತ್ತು. ಗ್ಯಾರೇಜಿನ ಎಣ್ಣೆ, ಸೋಪಿನ ನೊರೆ, ಪೇಂಟು, ಆ್ಯಸಿಡ್ಡು ಎಲ್ಲ ಒಂದು ಮಳೆಗೆ ಕೆರೆ ಸೇರಿ, ಮರುವಾರ ಅದೇ ಜನರ ಬಿಂದಿಗೆಗೆ ವಾಪಸ್ಸು ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಂಚ ಸಾಲದೆ ನೆಲದ ಮೇಲೆ ಮಲಗಿಸಿದ್ದನ್ನು ಕಂಡ ಮೇಲೆ ಆಕೆಗೆ ಬೇರೆ ಕೆಲಸ ಹಿಡಿಸಲಿಲ್ಲ.

ಕೆಲವು ಜಾತಿಯ ಪಾಚಿಗೆ ಹುಟ್ಟಿನಿಂದಲೇ ಒಂದು ಗುಣವಿದೆ. ಸುಖವಾಗಿದ್ದಾಗ ಹಸಿರು, ಕಷ್ಟ ಬಂದರೆ ಕೆಂಪು. ಅಂಬುಜಾಕ್ಷಿ ಆ ಗುಣವನ್ನೇ ಹಿಡಿದು ತಿದ್ದಿದಳು. ಆಕೆ ಬೆಳೆಸಿದ ಪಾಚಿಯನ್ನು ಮೋರಿಯ ಗೋಡೆಗೆ ಬಳಿದರೆ ಸಾಕು, ಅದು ಅಲ್ಲೇ ಹಬ್ಬಿಕೊಳ್ಳುತ್ತಿತ್ತು. ಮಳೆನೀರು ಹರಿದರೆ ಹಸಿರಾಗಿಯೇ ಇರುತ್ತಿತ್ತು. ಎಣ್ಣೆಯೋ ಸೋಪೋ ತಗುಲಿದರೆ ಅನ್ನ ಬೇಯುವಷ್ಟು ಹೊತ್ತಿನಲ್ಲಿ ದಾಸವಾಳದಂತೆ ಕೆಂಪಾಗಿ, ಎರಡು ದಿನ ಹಾಗೇ ಇದ್ದು, ಮತ್ತೆ ಹಸಿರಾಗುತ್ತಿತ್ತು. ಜನ ತಮ್ಮ ಕೊಳೆಯನ್ನು ಕಣ್ಣಾರೆ ಕಂಡರೆ ನಾಚಿಕೊಳ್ಳುತ್ತಾರೆ ಎಂದು ಆಕೆ ನಂಬಿದ್ದಳು. ಓದಿದವರಿಗೆ ಇಂಥ ನಂಬಿಕೆಗಳಿಗೇನೂ ಬರವಿಲ್ಲ.

ಬಣ್ಣ ತೋರಿಸಿದರೆ ಸಾಲದು, ಹೇಳಿಕೊಡಲೂಬೇಕು. ಬೀದಿನಾಟಕ, ಶಾಲೆಗಳಲ್ಲಿ ಪಾಠ, ಗ್ಯಾರೇಜುಗಳಿಗೆ ಎಣ್ಣೆ ಹಿಡಿಯುವ ತೊಟ್ಟಿ, ಮನೆಮನೆಗೆ ಹೋಗಿ ಮಾತನಾಡುವ ಹೆಣ್ಣುಮಕ್ಕಳು, ಇಷ್ಟಕ್ಕೆ ದುಡ್ಡು ಬೇಕೆಂದು ಆಕೆ ನಗರಸಭೆಗೆ ಹೋದಳು. ಹಣಕಾಸು ಸಮಿತಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯರ ಹಾಗೆ ತಲೆಯಾಡಿಸಿದರು ಕೂಡ.

‘ಪಾಠ ಹೇಳಕ್ಕೆ ದುಡ್ಡಿಲ್ಲಮ್ಮ. ಪಾಚಿ ಹಾಕಿಸ್ಕೊಡ್ತೀವಿ. ನಿಮ್ಮ ಅಭಿಯಾನದ ಖರ್ಚನ್ನ ಅಭಿಯಾನವೇ ದುಡ್ಕೋಬೇಕು’ ಎಂದರು.

‘ಅದು ಹೆಂಗೆ ಸಾರ್?’

‘ಯಾವ ವಾರ್ಡಿನ ಮೋರಿ ಕೆಂಪಾಗುತ್ತೋ ಆ ವಾರ್ಡಿಗೆ ಒಂದು ವಾರ ನಲ್ಲಿ ನೀರು ಬಂದ್. ಎರಡನೇ ಸಲ ಆದ್ರೆ ಹದಿನೈದು ದಿನ. ಉಳಿದ ನೀರನ್ನ ಫ್ಯಾಕ್ಟರಿಗಳಿಗೆ ಮಾರ್ತೀವಿ. ಆ ದುಡ್ಡು ನಿಮ್ಮ ನಾಟಕಕ್ಕೆ, ಪಾಠಕ್ಕೆ. ದಂಡಂ ದಶಗುಣಂ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ.’

‘ತಪ್ಪು ಮಾಡೋನು ಒಬ್ಬ, ನೀರಿಲ್ದೆ ಸಾಯೋರು ವಾರ್ಡಿನೋರೆಲ್ಲ. ಜನ ಹೊಡ್ಕೊಂಡು ಸಾಯ್ತಾರೆ ಸಾರ್.’

‘ಹೊಡ್ಕೊಳ್ಳಲ್ಲ. ಒಬ್ರಿಗೊಬ್ರು ಬುದ್ಧಿ ಹೇಳ್ಕೋತಾರೆ. ನೀವು ಕೇಳಿದ್ದೂ ಅದನ್ನೇ ಅಲ್ವಾ?’

ಎದ್ದು ಬರಬಹುದಿತ್ತು. ಮೊದಲು ಶುರುವಾಗಲಿ, ಆಮೇಲೆ ಸರಿಮಾಡೋಣ ಎಂದುಕೊಂಡು ಅಂಬುಜಾಕ್ಷಿ ಒಪ್ಪಿದಳು. ನಮ್ಮ ಊರುಗಳ ಅರ್ಧ ಅನಾಹುತಗಳ ಹಿಂದೆ ಈ ಮಾತಿದೆ. ಕಂಬಗಳಿಗೆ ಧ್ವನಿವರ್ಧಕ ಹಾಕಿಸಿ, ಎಚ್ಚರಿಕೆಯ ಮಾತನ್ನು ಆಕೆಯ ದನಿಯಲ್ಲೇ ಮುದ್ರಿಸಿಕೊಂಡರು. ಮೆತ್ತಗಿನ ಹೆಂಗಸಿನ ದನಿಯಾದರೆ ಜನ ರೇಗುವುದಿಲ್ಲ ಎಂದು ಯಾರೋ ಸಲಹೆ ಕೊಟ್ಟಿದ್ದರು.

ಅಭಿಯಾನದ ಕಂಟ್ರೋಲ್ ರೂಮು ನಗರಸಭೆಯ ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆಗಳು. ತೆರೆದ ಮೋರಿಗಳನ್ನು ಕಂಬದ ಕ್ಯಾಮೆರಾ ನೋಡುತ್ತಿತ್ತು. ಮುಚ್ಚಿದ ಮೋರಿಗಳೊಳಗೆ, ಚಪ್ಪಡಿಗಳ ಅಡಿಯಲ್ಲಿ, ಹುಣಸೆಬೀಜದಷ್ಟು ಸಣ್ಣ ಕಣ್ಣುಗಳನ್ನು ಕೂರಿಸಿದ್ದರು; ಅವು ಕಂಡದ್ದನ್ನು ದಾಖಲಿಸಿಡುತ್ತಿದ್ದವು ಅಷ್ಟೇ. ಕಂಬದ ಕ್ಯಾಮೆರಾಕ್ಕೆ ಎಲ್ಲಿ ಕೆಂಪು ಕಂಡರೂ ಯಂತ್ರ ತಾನಾಗಿಯೇ ವಾರ್ಡಿನ ಹೆಸರು ಹಿಡಿದು ಧ್ವನಿವರ್ಧಕವನ್ನು ಕೂಗಿಸುತ್ತಿತ್ತು, ನೀರಿನ ವಾಲ್ವನ್ನು ತಾನೇ ಮುಚ್ಚುತ್ತಿತ್ತು. ಯಾವ ಮನೆ ಎಂದು ಅದು ಹೇಳುತ್ತಿರಲಿಲ್ಲ. ಹೇಳುವ ಕೆಲಸವನ್ನು ಜನಕ್ಕೆ ಬಿಟ್ಟಿದ್ದರು.

ಪರದೆಗಳ ಮುಂದೆ ಕೂರುತ್ತಿದ್ದವನು ಯತಿರಾಜ. ಮೂವತ್ತರ ಹತ್ತಿರದ, ನಗುಮುಖದ ಹುಡುಗ. ಮದುವೆಯಾಗಿ ಎರಡು ವರ್ಷ, ಹೆಂಡತಿ ಸುಗುಣ, ಎಂಟು ತಿಂಗಳ ಹೆಣ್ಣುಮಗು. ಗುಡ್ಡದ ಬಡಾವಣೆಯ ಐದನೇ ಅಡ್ಡರಸ್ತೆಯಲ್ಲಿ ಅವರ ಬಾಡಿಗೆ ಮನೆ. ಅಂಬುಜಾಕ್ಷಿ ಎಷ್ಟೋ ಭಾನುವಾರ ಅಲ್ಲಿ ಅಕ್ಕಿರೊಟ್ಟಿ ತಿಂದಿದ್ದಳು. ಮಗು ಇವಳ ಕನ್ನಡಕ ಕಿತ್ತುಕೊಂಡು ಕಡಿಯುತ್ತಿತ್ತು.

ಆ ಪರದೆಗಳ ಮೇಲೆ ಇಬ್ಬರೂ ಏನೇನೋ ಕಂಡರು. ಬಟ್ಟೆ ಒಗೆದ ನೀರು ಚೆಲ್ಲಿದ ಹೆಂಗಸೊಬ್ಬಳನ್ನು ಜಡೆ ಹಿಡಿದು ಎಳೆತಂದು, ಮಂಡಿಯೂರಿಸಿ, ಮೋರಿಯ ನೀರನ್ನೇ ಚೊಂಬಿನಲ್ಲಿ ಮೊಗೆದು ಕುಡಿಸಿದರು. ಕುಡಿಸಿದವರು ಹೆಂಗಸರೇ. ಬ್ಯಾಟರಿ ಅಂಗಡಿಯವನ ಪಾದದ ಮೇಲೆ ಅವನದೇ ಆ್ಯಸಿಡ್ ಸುರಿದರು, ಅವನು ಒಂಟಿಕಾಲಲ್ಲಿ ಕುಣಿದದ್ದನ್ನು ಜನ ಮೊಬೈಲಿನಲ್ಲಿ ಹಿಡಿದುಕೊಂಡರು. ನೀರಿಲ್ಲದ ವಾರ್ಡುಗಳ ಟ್ಯಾಂಕರ್ ಸಾಲಿನಲ್ಲಿ ಬಿಂದಿಗೆಗಳೇ ಆಯುಧಗಳಾದವು. ಒಬ್ಬ ಮುದುಕನ ಬುರುಡೆ ಹಿತ್ತಾಳೆ ಬಿಂದಿಗೆಯ ಏಟಿಗೆ ಒಡೆದು, ಅವನು ಆಸ್ಪತ್ರೆ ಸೇರುವ ಮೊದಲೇ ಸತ್ತ. ಬೀದಿಬೀದಿಗಳಲ್ಲಿ ಹುಡುಗರು ದೊಣ್ಣೆ ಹಿಡಿದು ಮೋರಿ ಕಾಯತೊಡಗಿದರು. ಆ ತಿಂಗಳ ವರದಿಯಲ್ಲಿ ‘ಸಮುದಾಯದ ಸಹಭಾಗಿತ್ವ ಶ್ಲಾಘನೀಯ’ ಎಂದು ಬರೆದಿತ್ತು.

ಅಂಬುಜಾಕ್ಷಿ ಸಮಿತಿಯ ಮುಂದೆ ಕೂಗಾಡಿದಳು. ಮೇಜು ಗುದ್ದಿದಳು. ಧ್ವನಿವರ್ಧಕ ತೆಗೆಸಿ, ವಾಲ್ವು ಬಿಡಿಸಿ ಎಂದಳು. ತಿಪ್ಪೇರುದ್ರಪ್ಪನವರು ಹಿರೇಕೆರೆಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ಆಕೆಯ ಕಡೆಗೇ ತಿರುಗಿಸಿ ಇಟ್ಟರು. ಕೆರೆ ನಿಜಕ್ಕೂ ತಿಳಿಯಾಗುತ್ತಿತ್ತು. ಮಕ್ಕಳ ವಾರ್ಡಿನಲ್ಲಿ ಮಂಚಗಳು ಖಾಲಿ ಇದ್ದವು. ಸಂಕಟವಿದ್ದದ್ದೇ ಅಲ್ಲಿ.

ಇನ್ನೊಂದು ವಿಚಿತ್ರವನ್ನು ಯತಿರಾಜ ನಗುತ್ತಲೇ ಹೇಳಿದ್ದ. ‘ನೋಡಿ ಮೇಡಂ, ಮೋರಿ ಕೆಂಪಾದ್ರೆ ನೀರು ಮಾರಿದ ದುಡ್ಡು ಬರುತ್ತೆ. ಜನ ಪೂರ್ತಿ ಬುದ್ಧಿ ಕಲ್ತು ಊರೆಲ್ಲ ಹಸಿರಾಯ್ತು ಅನ್ನಿ, ನಾಟಕದೋರು, ಪಾಠದೋರು, ನಾನು, ನೀವು, ಎಲ್ಲಾರೂ ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗೋದೇ. ಜನಕ್ಕೆ ಬುದ್ಧಿ ಬಾರ್ದಿರ್ಲಿ ಅಂತ ನಾವೇ ಹರಕೆ ಹೊರ್ಬೇಕು.’

ಅಂಬುಜಾಕ್ಷಿಗೆ ಈ ಊರಲ್ಲಿ ಸ್ವಂತದವರೆಂದು ಇದ್ದದ್ದು ಒಬ್ಬ ಅಣ್ಣ, ಚೆಲುವಯ್ಯ. ಗುಡ್ಡದ ಬಡಾವಣೆಯ ಬುಡದಲ್ಲಿ, ಅದೇ ವಾರ್ಡಿನ ಕೋಡಿ ಬೀದಿಯಲ್ಲಿ ಅವನದೊಂದು ವಾಟರ್ ಸರ್ವಿಸ್. ಲಾರಿ, ಆಟೊ, ಕಾರು ತೊಳೆದುಕೊಡುವ ಶೆಡ್ಡು, ಅದರ ಹಿಂದೆಯೇ ಮನೆ. ತಂಗಿ ಹೇಳಿದಳೆಂದು ಊರಿನಲ್ಲಿ ಎಲ್ಲರಿಗಿಂತ ಮೊದಲು ಎಣ್ಣೆ ಹಿಡಿಯುವ ತೊಟ್ಟಿ ಕಟ್ಟಿಸಿದವನು ಅವನೇ. ತೊಳೆದ ನೀರು ಮೂರು ತೊಟ್ಟಿ ದಾಟಿ, ಕೊನೆಗೆ ಮತ್ತೆ ಪಂಪಿಗೇ ಬರುತ್ತಿತ್ತು. ಅವನಿಂದ ಒಂದು ಹನಿ ಮೋರಿಗೆ ಹೋಗುತ್ತಿರಲಿಲ್ಲ. ಆದರೂ ಲಾರಿ ತೊಳೆಯುವವನನ್ನು ನಂಬುವುದು ಯಾರು? ಗುಡ್ಡದ ಮೇಲಿನ ಅಡ್ಡರಸ್ತೆಗಳಲ್ಲಿ ಮೋರಿಗೆ ಚಪ್ಪಡಿ ಮುಚ್ಚಿ ಅದರ ಮೇಲೆ ಗಾಡಿ ನಿಲ್ಲಿಸುತ್ತಿದ್ದರು. ಆ ಚಪ್ಪಡಿ ಮುಗಿದು ಮೋರಿ ಬಯಲಿಗೆ ಬರುತ್ತಿದ್ದದ್ದು ಸರಿಯಾಗಿ ಚೆಲುವಯ್ಯನ ಗೇಟಿನ ಮುಂದೆ. ಹಿಂದೊಮ್ಮೆ ಅಲ್ಲಿ ಕೆಂಪು ಕಂಡು ವಾರ್ಡಿಗೆ ಒಂದು ವಾರ ನೀರು ನಿಂತಾಗ, ಎದುರಿನ ಇಡ್ಲಿ ಹೋಟೆಲಿನ ಗವಿರಂಗ ಅವನ ಕೊರಳಪಟ್ಟಿ ಹಿಡಿದಿದ್ದ. ಇಬ್ಬರೂ ಒಟ್ಟಿಗೆ ಗೋಲಿ ಆಡಿ ಬೆಳೆದವರು.

ಆಯುಧಪೂಜೆ ಬಂತು.

ಅಂಬುಜಾಕ್ಷಿ ಬೆಳಿಗ್ಗೆಯೇ ಅಣ್ಣನ ಮನೆಗೆ ಹೋದಳು. ಚೆಲುವಯ್ಯ ಹಿಂದಿನ ದಿನವೇ ಪಂಪು, ಪೈಪು, ಜ್ಯಾಕು, ಸ್ಪ್ಯಾನರುಗಳನ್ನೆಲ್ಲ ಉಜ್ಜಿ ತೊಳೆದು, ತೊಟ್ಟಿಯ ನೀರನ್ನು ತೊಟ್ಟಿಯಲ್ಲೇ ಉಳಿಸಿ, ಶೆಡ್ಡಿನ ಮಧ್ಯೆ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದ. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವಿನ ತುಂಡುಮಾಲೆ. ಮಂಗಳಾರತಿಯಾದ ಮೇಲೆ ಮಾರನೆಯ ದಿನದವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಒಬ್ಬ ಆಟೊದವನು ಬಂದು ‘ಅಣ್ಣ, ಒಂದ್ಸಲ ನೀರು ಹೊಡ್ದುಬಿಡು’ ಎಂದು ಗೋಗರೆದಾಗ ಚೆಲುವಯ್ಯ ಕೈಮುಗಿದ.

‘ವರ್ಷವೆಲ್ಲ ನಮಗೋಸ್ಕರ ದುಡಿತಾವೆ ಕಣಪ್ಪ. ಇವತ್ತೊಂದಿನ ಅವಕ್ಕೂ ರಜ. ಮನೇಲೇ ತೊಳ್ಕೊ ಹೋಗು.’

ಅವನು ಮನೆಯಲ್ಲೇ ತೊಳೆದುಕೊಂಡ. ಗುಡ್ಡದ ಬಡಾವಣೆಯಲ್ಲಿ ಎಲ್ಲರೂ ಮನೆಯಲ್ಲೇ ತೊಳೆದುಕೊಂಡರು. ಸ್ಕೂಟರು, ಬೈಕು, ಕಾರು, ಮಕ್ಕಳ ಸೈಕಲ್ಲು, ಯಾವುದನ್ನೂ ಬಿಡದೆ ಬಕೆಟ್ಟುಗಟ್ಟಲೆ ಸೋಪಿನ ನೀರು ಸುರಿದು, ಚೈನಿನ ಜಿಡ್ಡನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದರು. ವರ್ಷವೆಲ್ಲ ನೆರೆಯವನ ಮೋರಿಯನ್ನು ದೊಣ್ಣೆ ಹಿಡಿದು ಕಾದವರು ಇವರೇ. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಅದು ಗಾಡಿ ತೊಳೆಯುವುದು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಅದು ಪೂಜೆ. ಪೂಜೆಯ ನೀರು ಎಲ್ಲಾದರೂ ಕೊಳೆಯಾಗುತ್ತದೆಯೇ?

ಅತ್ತಿಗೆ ಸಾಕಮ್ಮ ಅಂಬುಜಾಕ್ಷಿಯ ಎಲೆಗೆ ಎರಡನೆಯ ಒಬ್ಬಟ್ಟು ಹಾಕಿ ತುಪ್ಪ ಬಡಿಸುತ್ತಿದ್ದಾಗ ಕಂಬದಿಂದ ದನಿ ಬಂತು. ಅಂಬುಜಾಕ್ಷಿಯದೇ ದನಿ, ಮೆತ್ತಗೆ: ‘ನಿಮ್ಮ ಬೀದಿಯ ಮೋರಿ ಕೆಂಪಾಗಿದೆ. ಇಲ್ಲಿ ಯಾರೋ ನಮ್ಮೆಲ್ಲರ ಕೆರೆಗೆ ವಿಷ ಹಾಕಿದ್ದಾರೆ. ನಿಮ್ಮ ವಾರ್ಡಿಗೆ ಹದಿನೈದು ದಿನ ನೀರು ಇರುವುದಿಲ್ಲ.’

ಆಕೆ ಎಂಜಲು ಕೈಯಲ್ಲೇ ಓಡಿಬಂದಳು. ಚಪ್ಪಡಿಯ ಬಾಯಿಂದ ಹಿಡಿದು ಬೀದಿಯ ಕೊನೆಯವರೆಗೆ ಮೋರಿಯ ಎರಡೂ ಗೋಡೆಗಳು ಕೆಂಪು. ಅಷ್ಟು ಗಾಢವಾದ ಕೆಂಪನ್ನು ಆಕೆ ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ. ಎದುರಿನ ಹೋಟೆಲಿನ ಬಾಗಿಲಲ್ಲಿ ಗವಿರಂಗ ನಿಂತಿದ್ದ. ಅವನು ಮೋರಿಯನ್ನು ನೋಡಲಿಲ್ಲ, ಚೆಲುವಯ್ಯನ ಗೇಟನ್ನು ನೋಡುತ್ತಿದ್ದ.

‘ಅಣ್ಣ, ಗೇಟಿಗೆ ಬೀಗ ಹಾಕ್ಕೊ. ನಾನು ಹೋಗಿ ವಾಲ್ವು ಬಿಡಿಸ್ಕೊಂಡು ಬರ್ತೀನಿ.’

‘ಊಟ ಮುಗಿಸ್ಕೊಂಡು ಹೋಗೇ ಅಂಬು. ನಾನೇನ್ ಮಾಡಿದೀನಿ ಅಂತ ಬೀಗ ಹಾಕ್ಕೊಳ್ಳಿ?’ ಎಂದ ಚೆಲುವಯ್ಯ.

ಕಂಟ್ರೋಲ್ ರೂಮಿನಲ್ಲಿ ಯತಿರಾಜ ಒಬ್ಬನೇ ಇದ್ದ. ಪರದೆಗಳಿಗೂ ಅವನು ಚೆಂಡುಹೂ ಮುಡಿಸಿದ್ದ. ಆಕೆ ಕೇಳುವ ಮೊದಲೇ ಚಪ್ಪಡಿ ಕೆಳಗಿನ ಕಣ್ಣುಗಳು ಕಂಡದ್ದನ್ನು ಬೆಳಿಗ್ಗೆಯಿಂದ ಓಡಿಸಿ ತೋರಿಸಿದ. ಗುಡ್ಡದ ತುದಿಯಲ್ಲಿ ಒಂದು ಕೆಂಪು ಚುಕ್ಕೆ. ಅದರ ಕೆಳಗೆ ಇನ್ನೊಂದು, ಪಕ್ಕದ ಅಡ್ಡರಸ್ತೆಯಲ್ಲಿ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಎಲ್ಲ ಸೇರಿ ಕೆಳಗಿಳಿದು ಕೋಡಿ ಬೀದಿಯಲ್ಲಿ ಬಯಲಿಗೆ ಬಂದಿತ್ತು.

‘ನಿಮ್ಮಣ್ಣಂದೇನೂ ಇಲ್ಲ ಮೇಡಂ. ಇಡೀ ಗುಡ್ಡದ್ದು. ಎಲ್ಲರ ಮನೆ ದೋಸೆನೂ ತೂತೇ’ ಎಂದು ಅವನು ತಲೆ ಕೆರೆದುಕೊಂಡ. ‘ಮೊದ್ಲು ಕೆಂಪಾಗಿದ್ದು ಯಾವುದು ಗೊತ್ತಾ? ಐದನೇ ಅಡ್ಡರಸ್ತೆ, ಕೊನೇ ಮನೆ. ನಮ್ಮನೇನೇ. ಬೆಳಿಗ್ಗೆ ಬೇಗ ಎದ್ದು ಬೈಕ್ ತೊಳ್ದು, ಪೂಜೆ ಮಾಡಿ ಡ್ಯೂಟಿಗೆ ಬಂದೆ. ಇಲ್ಲಿ ಕೂತು ನನ್ನ ಮೋರಿ ಕೆಂಪಾಗೋದನ್ನ ನಾನೇ ನೋಡ್ದೆ. ನನಗೂ ಹೊಳೀಲಿಲ್ವಲ್ಲ ಮೇಡಂ! ವರ್ಷವೆಲ್ಲ ಇದೇ ಕೆಲ್ಸ ಮಾಡ್ತೀನಿ.’

ಅವನ ಮುಖದಲ್ಲಿ ನಿಜವಾದ ನಾಚಿಕೆಯಿತ್ತು. ತನ್ನ ಪಾಚಿಯಿಂದ ಒಬ್ಬನಾದರೂ ನಾಚಿಕೊಂಡನಲ್ಲ ಎಂದು ಬೇರೆ ದಿನವಾಗಿದ್ದರೆ ಅಂಬುಜಾಕ್ಷಿ ಸಂತೋಷಪಡುತ್ತಿದ್ದಳು.

ವಾಲ್ವಾಗಲಿ ಧ್ವನಿವರ್ಧಕವಾಗಲಿ ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಇವರ ಕೈಗೆ ಬರುತ್ತಿರಲಿಲ್ಲ. ಆಕೆ ತಿಪ್ಪೇರುದ್ರಪ್ಪನವರಿಗೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ನಾಗಸ್ವರ ಕೇಳಿಸುತ್ತಿತ್ತು.

‘ಸಾರ್, ತಪ್ಪು ಒಬ್ಬರದಲ್ಲ, ಇಡೀ ಬಡಾವಣೆಯದು. ಈಗಲೇ ಕಂಬದಿಂದ ಹೇಳಿಸ್ಬೇಕು. ವಾಲ್ವು ಬಿಡಿಸ್ಬೇಕು.’

‘ಹಬ್ಬದ ದಿನ ನೀವು ಪೂಜೆ ಮಾಡಿದ್ದೇ ತಪ್ಪು ಅಂತ ಊರಿಗೆ ಹೇಳಕ್ಕಾಗುತ್ತೇನಮ್ಮ? ಓಟು ಹಾಕೋ ಜನ. ನಾಡಿದ್ದು ಮೀಟಿಂಗ್ ಇದೆ, ನೋಡೋಣ’ ಎಂದು ಅವರು ಫೋನಿಟ್ಟರು.

ಸಮಿತಿಯ ಉಳಿದವರಿಗೆ ಒಬ್ಬೊಬ್ಬರಿಗಾಗಿ ಮಾಡುವಷ್ಟರಲ್ಲಿ ಸಂಜೆಯಾಯಿತು. ಪೊಲೀಸರಿಗೆ ಮಾಡಿದರೆ, ಇರುವವರೆಲ್ಲ ಮೆರವಣಿಗೆಯ ಬಂದೋಬಸ್ತಿಗೆ ಹೋಗಿದ್ದಾರೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಯತಿರಾಜ ‘ಮೇಡಂ’ ಎಂದು ಒಂದು ಪರದೆಯನ್ನು ತೋರಿಸಿದ. ಚೆಲುವಯ್ಯನ ಗೇಟಿನ ಮುಂದೆ ಜನ ಸೇರಿದ್ದರು. ಬರಿಗೊಡ ಹಿಡಿದ ಹೆಂಗಸರು, ಹಣೆಯಲ್ಲಿ ಕುಂಕುಮವಿಟ್ಟ ಗಂಡಸರು. ಒಂದು ಕೊಡ ಹಾರಿ ಶೆಡ್ಡಿನ ತಗಡಿಗೆ ಬಡಿಯಿತು.

‘ನೀವು ಓಡಿ ಮೇಡಂ. ನನಗೆ ಫೋನ್ ಮಾಡಿ, ಕಟ್ ಮಾಡ್ಬೇಡಿ. ನಾನಿಲ್ಲಿಂದ ನೋಡಿ ಹೇಳ್ತಿರ್ತೀನಿ.’

ಆಕೆ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಸ್ಕೂಟರು ಹತ್ತಿದಳು. ಕಿವಿಯಲ್ಲಿ ಯತಿರಾಜನ ದನಿ. ‘ಗೇಟು ಮುರಿದ್ರು ಮೇಡಂ... ಶೆಡ್ಡಿನೊಳಗೆ ಹೋದ್ರು... ನಿಮ್ಮಣ್ಣ ಕೈಮುಗೀತಿದಾರೆ... ಬೇಗ ಬನ್ನಿ ಮೇಡಂ, ಬೇಗ.’

ಆಕೆ ತಲುಪುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಶೆಡ್ಡಿನ ಹಲಗೆ ಮಗುಚಿ ಬಿದ್ದಿತ್ತು. ಪೂಜೆಗಿಟ್ಟ ಸ್ಪ್ಯಾನರು, ಸುತ್ತಿಗೆ, ಟೈರು ಕೀಳುವ ಕಬ್ಬಿಣಗಳೆಲ್ಲ ಜನರ ಕೈಯಲ್ಲಿದ್ದವು. ಗವಿರಂಗನ ಕೈಯಲ್ಲಿ ಜ್ಯಾಕಿನ ರಾಡು, ಅದರ ತುದಿಗೆ ಚೆಂಡುಹೂವಿನ ಮಾಲೆ ಇನ್ನೂ ಸುತ್ತಿಕೊಂಡೇ ಇತ್ತು.

‘ಪಂಪಿಗೆ ಹೂ ಹಾಕಿದೀನಿ ನೋಡ್ರೋ. ಬೆಳಿಗ್ಗೆಯಿಂದ ಮುಟ್ಟಿಲ್ಲ ಕಣ್ರೋ’ ಎಂದು ಚೆಲುವಯ್ಯ ಹೇಳುತ್ತಿದ್ದ.

‘ಹೂ ಹಾಕಿ ನಾಟಕ ಆಡ್ತೀಯೇನ್ಲಾ? ಹದಿನೈದು ದಿನ ನನ್ನ ಹೋಟ್ಲು ಮುಚ್ಬೇಕು. ಮನೇಲಿ ಮಗಳು ಬಾಣಂತಿ. ಎಲ್ಲಿಂದ ತರ್ಲಿ ನೀರು? ನಿಮ್ಮಪ್ಪ ಕೊಡ್ತಾನಾ?’

ಗವಿರಂಗ ರಾಡು ಬೀಸಿದ. ಮಂಡಿಚಿಪ್ಪು ಒಡೆದ ಸದ್ದು ಬೀದಿಗೇ ಕೇಳಿಸಿತು. ಚೆಲುವಯ್ಯ ಕುಸಿದ. ಸಾಕಮ್ಮ ಗಂಡನ ಮೇಲೆ ಅಡ್ಡ ಬಿದ್ದಳು. ಯಾರೋ ಅವಳ ಸೆರಗು ಹಿಡಿದು ಎಳೆದು ತಗಡಿನ ಗೋಡೆಗೆ ಎಸೆದರು. ಅವಳ ಭುಜ ಕಳಚಿ ಕೈ ಜೋತುಬಿತ್ತು. ಆಮೇಲೆ ಎಲ್ಲರೂ ಹೊಡೆದರು. ಹೊಡೆಯಲು ಜಾಗ ಸಿಗದವರು ಕಾಲಿನಿಂದ ತುಳಿದರು. ಚೆಲುವಯ್ಯ ಮುಖ ಮುಚ್ಚಿಕೊಂಡಿದ್ದ ಬೆರಳುಗಳ ಮೇಲೆ ಒಬ್ಬ ಸುತ್ತಿಗೆ ಇಳಿಸಿದ. ಆತ ಬೆಳಿಗ್ಗೆ ಗೋಗರೆದಿದ್ದ ಆಟೊದವನು.

ಅಂಬುಜಾಕ್ಷಿ ಜನರ ಬೆನ್ನುಗಳನ್ನು ಗುದ್ದಿ, ಕಚ್ಚಿ ಒಳಗೆ ನುಗ್ಗಿದಳು. ಒಬ್ಬನ ಮೊಣಕೈ ಬಾಯಿಗೆ ಬಡಿದು ಹಲ್ಲು ಮುರಿಯಿತು. ಕಾಲುಗಳ ಸಂದಿಯಲ್ಲಿ ಅವಳಿಗೆ ಅಣ್ಣ ಕಂಡ. ಅವನನ್ನು ಮೋರಿಯ ಅಂಚಿಗೆ ಎಳೆದು, ಇಬ್ಬರು ಬೆನ್ನ ಮೇಲೆ ಕೂತು, ತಲೆಯನ್ನು ಮೋರಿಯ ನೀರಿನೊಳಗೆ ಅದುಮಿದ್ದರು.

‘ಕುಡಿಯೋ, ನೀನೇ ಬಿಟ್ಟಿದ್ದಲ್ವಾ, ನೀನೇ ಕುಡಿ!’

‘ಅದು ಅವನದಲ್ಲ!’ ಎಂದು ಅಂಬುಜಾಕ್ಷಿ ಕಿರುಚಿದಳು. ‘ಮೇಲಿಂದ ಬಂದಿದ್ದು! ನೀವೆಲ್ಲ ಬೆಳಿಗ್ಗೆ ಗಾಡಿ ತೊಳೆದ್ರಲ್ಲ, ಆ ನೀರು! ಎಲ್ಲ ಮನೇದೂ! ನಿಮ್ಮೆಲ್ಲರದೂ!’

ಒಂದು ಗಳಿಗೆ ಕೈಗಳು ನಿಂತವು. ನಿಜ ಹೇಳಿದರೆ ಜನ ಕೇಳುತ್ತಾರೆ ಎಂದು ಆಕೆಗೆ ಆ ಗಳಿಗೆಯಲ್ಲೂ ಅನ್ನಿಸಿರಬೇಕು.

‘ಪೂಜೆ ನೀರನ್ನ ವಿಷ ಅಂತೀಯಾ?’ ಎಂದು ಒಬ್ಬ ಹೆಂಗಸು ಕೂಗಿದಳು.

‘ಅಣ್ಣನ್ನ ಉಳಿಸ್ಕೊಳ್ಳಕ್ಕೆ ಊರಿಗೆಲ್ಲ ಮಸಿ ಬಳೀತಾವ್ಳೆ.’

‘ಕಂಬದಾಗೆ ಕೂಗೋ ದನಿ ಇವಳದೇ ಕಣ್ರೋ! ನೀರು ನಿಲ್ಸಿದ್ದೂ ಇವಳೇ!’

ಏಟುಗಳು ಮೊದಲಿಗಿಂತ ಜೋರಾಗಿ ಬಿದ್ದವು. ಯಾರೋ ಆಕೆಯ ಕೂದಲು ಹಿಡಿದು ಮಂಡಿಗೆ ಕೆಡವಿದರು. ಚೆಲುವಯ್ಯನ ಕಾಲುಗಳು ಮೊದಲು ಒದ್ದಾಡುತ್ತಿದ್ದವು. ಈಗ ಒಂದು ಕಾಲು ಮಾತ್ರ ಆಡುತ್ತಿತ್ತು. ಆಮೇಲೆ ಅದೂ ನಿಧಾನವಾಯಿತು.

ಗವಿರಂಗ ಆಕೆಯ ಮುಂದೆ ಬಗ್ಗಿದ. ಅವನ ಮುಖ ಬೆವರಿನಿಂದ ತೊಯ್ದು, ಕುಂಕುಮ ಮೂಗಿನವರೆಗೆ ಇಳಿದಿತ್ತು. ಅವನ ಕಣ್ಣಲ್ಲೂ ನೀರಿತ್ತು.

‘ಎಲ್ಲಾರೂ ಎಲ್ಲಾರೂ ಅಂತೀಯಲ್ಲಮ್ಮ, ಎಲ್ಲಾರೂ ಅಂದ್ರೆ ಯಾರು? ನಿನ್ನ ಮಿಷನ್ನಿಗೆ ಎಲ್ಲಾ ಗೊತ್ತಾಗುತ್ತಲ್ಲ. ಒಂದು ಮನೆ ತೋರ್ಸು. ನಿಮ್ಮಣ್ಣ ಅಲ್ಲ ಅಂದ್ರೆ ಯಾರು? ಮೊದ್ಲು ಕೆಂಪು ಮಾಡಿದ್ದು ಯಾರು? ಹೇಳು, ಬಿಟ್ಬಿಡ್ತೀವಿ.’

ಎಲ್ಲರೂ ಎಂಬ ಉತ್ತರವನ್ನು ಹೊಡೆಯಲು ಬರುವುದಿಲ್ಲ. ಅದಕ್ಕೆ ತಲೆಯಿಲ್ಲ, ಮಂಡಿಯಿಲ್ಲ, ಗೇಟಿಲ್ಲ. ಜನಕ್ಕೆ ಬೇಕಾದದ್ದು ಒಂದು ವಿಳಾಸ, ಮತ್ತು ಆ ವಿಳಾಸ ಅಂಬುಜಾಕ್ಷಿಗೆ ಗೊತ್ತಿತ್ತು. ಕಿವಿಯೊಳಗೆ ಯತಿರಾಜನ ಉಸಿರು ಕೇಳಿಸುತ್ತಿತ್ತು.

ಚೆಲುವಯ್ಯನ ಕಾಲು ನಿಂತಿತು.

‘ಐದನೇ ಅಡ್ಡರಸ್ತೆ’ ಎಂದಳು ಅಂಬುಜಾಕ್ಷಿ. ಬಾಯಿಯ ರಕ್ತದಿಂದ ಮಾತು ತೊದಲಿತು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಗಟ್ಟಿಯಾಗಿ ಹೇಳಿದಳು. ‘ಐದನೇ ಅಡ್ಡರಸ್ತೆ. ಕೊನೇ ಮನೆ. ನೀಲಿ ಗೇಟು. ಮೊದ್ಲು ಕೆಂಪಾಗಿದ್ದು ಅಲ್ಲೇ.’

ಅವರು ಆಡಿದ ಮಾತಿಗೆ ತಪ್ಪಲಿಲ್ಲ, ಬಿಟ್ಟುಬಿಟ್ಟರು. ಬೆನ್ನ ಮೇಲೆ ಕೂತಿದ್ದವರು ಎದ್ದರು. ಆಟೊದವನು ಚೆಲುವಯ್ಯನ ಕಂಕುಳಿಗೆ ಕೈಹಾಕಿ ಮೋರಿಯಿಂದ ಎತ್ತಿ ದಂಡೆಯ ಮೇಲೆ ಮಲಗಿಸುವುದಕ್ಕೂ ನೆರವಾದ. ಆಮೇಲೆ ತನ್ನ ಸುತ್ತಿಗೆಯನ್ನು ಹುಡುಕಿ ಎತ್ತಿಕೊಂಡು ಉಳಿದವರ ಹಿಂದೆ ಓಡಿದ. ಗುಂಪು ಗುಡ್ಡ ಹತ್ತತೊಡಗಿತು. ದಾರಿಯಲ್ಲಿ ಒಂದೊಂದು ಮನೆಯಿಂದಲೂ ಜನ ಬಂದು ಸೇರಿಕೊಳ್ಳುತ್ತಿದ್ದರು.

ಅಂಬುಜಾಕ್ಷಿ ಅಣ್ಣನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಸಾಕಮ್ಮ ಜೋತ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತೆವಳಿಬಂದು ಗಂಡನ ಹೆಸರು ಹಿಡಿದು ಕರೆದಳು. ಆ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಕರೆದವಳಲ್ಲ. ಚೆಲುವಯ್ಯನ ಬಾಯಿಂದ ಕಪ್ಪು ನೀರು ಬಂತು, ಆಮೇಲೆ ಕೆಮ್ಮು, ಆಮೇಲೆ ಉಸಿರು. ಅಂಬುಜಾಕ್ಷಿ ಅವನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಬದುಕಿದ್ದಾನೆ, ಅಣ್ಣ ಬದುಕಿದ್ದಾನೆ ಎಂಬುದರ ಹೊರತು ಆಕೆಯ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

‘ಮೇಡಂ’ ಎಂದ ಯತಿರಾಜ.

ಫೋನು ಕಟ್ ಆಗಿರಲಿಲ್ಲ. ಅವನು ಬೈಯಲಿಲ್ಲ, ಕೂಗಲೂ ಇಲ್ಲ. ಅವನ ಹಿಂದೆ ಕಂಟ್ರೋಲ್ ರೂಮಿನ ಮೇಜಿನ ಫೋನಿನಲ್ಲಿ ರಿಂಗಾಗುತ್ತಿರುವ ಸದ್ದು ಕೇಳಿಸುತ್ತಿತ್ತು. 

‘ಎರಡನೇ ಅಡ್ಡರಸ್ತೆ ದಾಟಿದ್ರು ಮೇಡಂ. ನನಗಿಲ್ಲಿ ಕಾಣ್ತಾ ಇದೆ. ಸುಗುಣ ಫೋನ್ ಎತ್ತುತ್ತಿಲ್ಲ. ಮಗೂನ ಮಲಗಿಸ್ತಿರ್ಬೇಕು. ದೀಪ ಹಚ್ಚೋ ಹೊತ್ತು ಮೇಡಂ. ಇವತ್ತು ಹಬ್ಬ ಬೇರೆ. ಬಾಗಿಲು ತೆಗೆದೇ ಇಟ್ಟಿರ್ತಾಳೆ.’